ತೊಗರಿ ಕಟ್ಟಿಗೆ ಉರಿಯುವ ಬಗೆ
(ಬೇಗಂಪೇಟೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಈ ಬೇಗಂಪೇಟೆಯಲ್ಲಿಯೇ 1897ರಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯರು ಸೊಳ್ಳೆಯ ಹೊಟ್ಟೆಯನ್ನು ಬಿಡಿಸಿ ನೋಡಿ ಮಲೇರಿಯಾ ಹರಡುವ ದಾರಿಯನ್ನು ಕಂಡುಕೊಂಡರು. ನಾನು ಇಂದು ಮಾತನಾಡಲಿರುವ ವಸ್ತುವೂ ಅಷ್ಟೇ ಸಣ್ಣದು: ಹತ್ತು ಮಿಲಿಗ್ರಾಂ ತೊಗರಿ ಕಟ್ಟಿಗೆಯ ಪುಡಿ. ತಮ್ಮಲ್ಲಿ ಬಹುಮಂದಿ ಕಲಬುರಗಿ, ಬೀದರ, ರಾಯಚೂರು ಕಡೆಯವರು. 1956ರವರೆಗೆ ಆ ಜಿಲ್ಲೆಗಳಿಗೆ ಈ ಊರೇ ರಾಜಧಾನಿ. ರಾಶಿ ಮುಗಿದ ಮೇಲೆ ಮನೆಯ ಹಿಂದೆ ಒಟ್ಟುತ್ತಿದ್ದ ಕಟ್ಟಿಗೆಯನ್ನು ತಮಗೆ ನಾನು ಪರಿಚಯಿಸಬೇಕಾಗಿಲ್ಲ.

ಕಟ್ಟಿಗೆ ಉರಿಯುತ್ತದೆ ಎನ್ನುವುದು ಅರ್ಧ ಸತ್ಯ. ಕಟ್ಟಿಗೆ ಮೊದಲು ಕಾದು ಒಡೆಯುತ್ತದೆ. ಒಡೆದಾಗ ಹೊರಡುವ ಅನಿಲವೇ ಜ್ವಾಲೆಯಾಗಿ ಉರಿಯುತ್ತದೆ. ಉಳಿದ ಇದ್ದಿಲು ಆಮೇಲೆ ಕೆಂಡವಾಗುತ್ತದೆ. ಈ ಒಡೆಯುವಿಕೆಗೆ ಉಷ್ಣವಿಘಟನೆ ಎಂದು ಹೆಸರು. ಸಸ್ಯದ ಒಡಲಿನಲ್ಲಿ ಮುಖ್ಯವಾಗಿ ಮೂರು ದ್ರವ್ಯಗಳಿವೆ. ಹೆಮಿಸೆಲ್ಯುಲೋಸ್ ಸುಮಾರು 220 ಡಿಗ್ರಿಯಿಂದಲೇ ಸಡಿಲಗೊಳ್ಳುತ್ತದೆ. ಸೆಲ್ಯುಲೋಸ್ 315ರಿಂದ 400 ಡಿಗ್ರಿಯ ನಡುವೆ ಒಮ್ಮೆಗೇ ಕುಸಿಯುತ್ತದೆ. ಲಿಗ್ನಿನ್ ಮಾತ್ರ ಹಟಮಾರಿ; ಬೇಗ ತೊಡಗಿ, ಬಹುದೂರದವರೆಗೆ ನಿಧಾನವಾಗಿ ಕರಗುತ್ತ ಇದ್ದಿಲಿನ ಬಹುಪಾಲನ್ನು ಕೊಡುತ್ತದೆ.

ಇದನ್ನು ಅಳೆಯುವ ಸಾಧನ ಉಷ್ಣತಕ್ಕಡಿ. ಕುಲುಮೆಯೊಳಗೆ ತೂಗುವ ಈ ತಕ್ಕಡಿಗೆ ಆ ಹೆಸರಿಟ್ಟವರು ಜಪಾನಿನ ಕೋಟಾರೊ ಹೋಂಡಾ, 1915ರಲ್ಲಿ. ಶಾಖ ಏರಿದಂತೆ ತೂಕ ಇಳಿಯುವ ರೇಖೆಯನ್ನು 1889ರ ಅರ್ಹೇನಿಯಸ್ ಸಮೀಕರಣದೊಂದಿಗೆ ಹೊಂದಿಸಿದರೆ, ವಿಘಟನೆಯ ವೇಗವೂ ಅದಕ್ಕೆ ದಾಟಬೇಕಾದ ಶಕ್ತಿಯ ಹೊಸ್ತಿಲೂ ದೊರೆಯುತ್ತವೆ. ಶುದ್ಧ ಸೆಲ್ಯುಲೋಸಿಗೆ ಈ ಹೊಸ್ತಿಲು ಮೋಲಿಗೆ 200 ಕಿಲೋಜೌಲ್‌ಗಳ ಆಸುಪಾಸು. ಅಂದರೆ 300 ಡಿಗ್ರಿಯ ಬಳಿ ಶಾಖ ಕೇವಲ ಹತ್ತು ಡಿಗ್ರಿ ಏರಿದರೆ ವೇಗ ಇಮ್ಮಡಿಯಾಗುತ್ತದೆ. ಒಲೆಯ ಮುಂದೆ ಕುಳಿತ ನಮ್ಮ ತಾಯಂದಿರು ಕಟ್ಟಿಗೆಯನ್ನು ಒಮ್ಮೆ ಒಳಗೆ ನೂಕಿ ಒಮ್ಮೆ ಹೊರಗೆ ಎಳೆಯುತ್ತಿದ್ದುದು ಈ ವೇಗವನ್ನು ಹಿಡಿತದಲ್ಲಿಡಲೆಂದೇ. ಅನಿಲ ಹೊರಟು, ಉರಿಯುವಷ್ಟು ಶಾಖ ಸಿಗದಿದ್ದರೆ ಅದೇ ಹೊಗೆ. ಆ ಹೊಗೆ ಯಾರ ಎದೆಗೆ ಇಳಿಯಿತೆಂದು ನಾವೆಲ್ಲರೂ ಬಲ್ಲೆವು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಪ್ರಯೋಗಾಲಯದಲ್ಲಿ ಸೊಗಸಾದ ರೇಖೆಗಳನ್ನು ಬರೆದು, ಆ ಅಂಕೆಗಳನ್ನೇ ನಂಬಿ ಒಂದು ಸಣ್ಣ ಅನಿಲಕುಲುಮೆಗೆ ಲೆಕ್ಕ ಹಾಕಿಕೊಟ್ಟೆ. ಎರಡನೆಯ ವಾರಕ್ಕೆ ಅದು ಕಟ್ಟಿಕೊಂಡಿತು. ಕಾರಣ ಎರಡು. ಪುಡಿ ಎಲ್ಲ ಕಡೆಯೂ ಒಮ್ಮೆಗೇ ಕಾಯುತ್ತದೆ. ಬೆರಳು ಗಾತ್ರದ ಕಡ್ಡಿಯ ಒಳಗೆ ಶಾಖ ತಲುಪಲು ನಿಮಿಷಗಳು ಬೇಕು. ಅಲ್ಲಿ ಆಳುವುದು ರಾಸಾಯನಿಕ ವೇಗವಲ್ಲ, ಶಾಖದ ನಡಿಗೆ. ಇನ್ನೊಂದು ಕಾರಣ ಬೂದಿ. ಕೃಷಿತ್ಯಾಜ್ಯದ ಪೊಟ್ಯಾಸಿಯಮ್ ವಿಘಟನೆಯನ್ನು ಕಡಿಮೆ ಶಾಖದಲ್ಲೇ ಪ್ರಚೋದಿಸುತ್ತದೆ, ಇದ್ದಿಲನ್ನು ಹೆಚ್ಚಿಸುತ್ತದೆ. ಸಿಲಿಕದೊಂದಿಗೆ ಕೂಡಿ ಕರಗಿ ಕಿಟ್ಟವಾಗುತ್ತದೆ. ಭತ್ತದ ಹೊಟ್ಟಿನಲ್ಲಂತೂ ತೂಕದ ಐದನೆಯ ಒಂದು ಪಾಲು ಬೂದಿಯೇ. ಮಳೆಗೆ ನೆಂದು ಒಣಗಿದ ಹುಲ್ಲಿನಿಂದ ಪೊಟ್ಯಾಸಿಯಮ್ ತೊಳೆದುಹೋಗುವುದರಿಂದ ಅದು ಕುಲುಮೆಗೆ ಮೇಲು. ದನಕ್ಕೆ ಬೇಡವಾದ ಹುಲ್ಲು ಬೆಂಕಿಗೆ ಒಳ್ಳೆಯದಾಗುವುದು ನನಗೆ ಇಂದಿಗೂ ವಿನೋದವೆನಿಸುತ್ತದೆ.

ಕನ್ನಡ ನಾಡಿನಲ್ಲಿ ಈ ವಿದ್ಯೆಯನ್ನು ಹಳ್ಳಿಗೆ ಒಯ್ದವರಿದ್ದಾರೆ. ವಿದ್ಯುತ್‌ರಸಾಯನದಲ್ಲಿ ಹೆಸರು ಮಾಡಿದ್ದ ಅಮೂಲ್ಯ ರೆಡ್ಡಿಯವರು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಕೇಂದ್ರವನ್ನು ಕಟ್ಟಿದರು. ಅಲ್ಲಿಂದ ಹೊರಟ ಅಸ್ತ್ರ ಒಲೆ ಅನೇಕ ಅಡುಗೆಮನೆಗಳನ್ನು ಸೇರಿತು. ಅದೇ ಸಂಸ್ಥೆಯಲ್ಲಿ ಎಚ್. ಎಸ್. ಮುಕುಂದ ಅವರ ಬಳಗ ಮೇಲ್ಬಾಯಿ ತೆರೆದ ಅನಿಲಕುಲುಮೆಯನ್ನು ರೂಪಿಸಿತು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯೆಂಬ ಪುಟ್ಟ ಊರಿನಲ್ಲಿ ಸೌದೆಯ ಅನಿಲದಿಂದ ದೀಪ ಹತ್ತಿತು. ಮುಂದೆ ಕುಡಿಯುವ ನೀರು ಏರಿತು, ಹಿಟ್ಟಿನ ಗಿರಣಿ ತಿರುಗಿತು. ಆದರೆ ಅದು ಅದಕ್ಕೆಂದೇ ಬೆಳೆಸಿದ ತೋಪಿನ ಸೌದೆ. ತೊಗರಿ, ಹತ್ತಿ ಕಟ್ಟಿಗೆಗಳ ಕಷ್ಟ ಬೇರೆ.

ಈಗ ಆ ಕಷ್ಟವನ್ನು ದಾಟುವ ಒತ್ತಾಯ ಹುಟ್ಟಿದೆ. ಉಷ್ಣವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲಿನೊಡನೆ ಕೃಷಿತ್ಯಾಜ್ಯದ ಗುಳಿಗೆಗಳನ್ನೂ ಉರಿಸಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯ 2021ರ ಅಕ್ಟೋಬರಿನಲ್ಲಿ ನೀತಿ ಹೊರಡಿಸಿತು. ಬಹುತೇಕ ಸ್ಥಾವರಗಳಿಗೆ ಶೇಕಡ 5ರ ಪ್ರಮಾಣ ವಿಧಿಸಿತು. ಹೊಲದಲ್ಲೇ ಸುಡುವುದಕ್ಕಿಂತ ಇದು ಮೇಲು, ಒಪ್ಪುತ್ತೇನೆ. ನನ್ನ ವಿದ್ಯೆಗೂ ಇದರಿಂದ ಬೆಲೆ ಬಂದಿದೆ. ಆದರೂ ಒಂದು ಅಳುಕು ಇದೆ. ಕೊಯ್ಲು ಮುಗಿದ ಹೊಲದಿಂದ ಕಟ್ಟಿಗೆಯ ಹೊರೆ ಹೊತ್ತು ತರುವ ಕೂಲಿ ಹೆಣ್ಣುಮಗಳಿಗೆ ಅದು ತ್ಯಾಜ್ಯವಾಗಿರಲಿಲ್ಲ, ಮಳೆಗಾಲದ ಒಲೆಯಾಗಿತ್ತು. ಸಿಲಿಂಡರು ಮನೆಗೆ ಬಂದಿದ್ದರೂ ಅದನ್ನು ಮತ್ತೆ ತುಂಬಿಸುವ ಹಣ ಪ್ರತಿ ತಿಂಗಳೂ ಅವಳ ಕೈಯಲ್ಲಿರುವುದಿಲ್ಲ. ಟನ್ನಿಗೆ ಇಷ್ಟೆಂದು ಬೆಲೆ ಕಟ್ಟಿದ ದಿನ ಹೊಲದ ಒಡೆಯ ಅವಳನ್ನು ಬದುವಿನಲ್ಲೇ ತಡೆಯುತ್ತಾನೆ. ನಮ್ಮ ಸಮೀಕರಣಗಳಲ್ಲಿ ಅವಳಿಗೊಂದು ಪದವಿಲ್ಲ. ಗುಳಿಗೆಯ ಕಾರ್ಖಾನೆಗೆ ಒಪ್ಪಂದ ಬರೆಯುವಾಗ ಹಳ್ಳಿಯ ಒಲೆಗೆ ಬೇಕಾದಷ್ಟನ್ನು ಮೊದಲು ಎತ್ತಿಡಬೇಕೆಂದು ಊರಿಗೆ ಹೋದಾಗಲೆಲ್ಲ ಪಂಚಾಯಿತಿಯವರಿಗೆ ಹೇಳುತ್ತಿದ್ದೇನೆ. ಬರುವ ರಾಶಿಯ ಹೊತ್ತಿಗೆ ತಾವೂ ತಮ್ಮ ತಮ್ಮ ಊರಿಗೆ ಹೋಗುವಿರಿ. ಅಲ್ಲಿ ಇದೊಂದು ಮಾತನ್ನು ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.