ಘಟ್ಟದ ದಾರಿ ಮತ್ತು ಭಾರದ ಲೆಕ್ಕ



ಮಲೆನಾಡಿನ ಹಳ್ಳಿಯೊಂದಕ್ಕೆ ದೊಡ್ಡ ಅಗೆಯುವ ಯಂತ್ರ ಬಂದಿಳಿದಾಗ ಜನರ ಗಮನವೆಲ್ಲ ಅದು ಕಡಿಯಲಿರುವ ಧರೆಯ ಮೇಲಿರುತ್ತದೆ. ಅದು ಯಾವ ವಾಹನದ ಬೆನ್ನೇರಿ, ಯಾವ ಮೋರಿಗಳನ್ನು ದಾಟಿ ಬಂದಿತೆಂದು ವಿಚಾರಿಸುವವರು ವಿರಳ. ಮಳೆಗಾಲದಲ್ಲಿ ಊರಿಗೂ ಪೇಟೆಗೂ ಇರುವ ಸಂಬಂಧ ಆ ಮೋರಿಗಳನ್ನೇ ನೆಚ್ಚಿರುವಾಗ, ಇದು ಲಾರಿ ಮಾಲೀಕರೊಬ್ಬರ ವ್ಯವಹಾರವಾಗಿ ಉಳಿಯುವುದಿಲ್ಲ.

ಹಳ್ಳಿಗರು ಹಿಟಾಚಿ ಎಂದೇ ಕರೆಯುವ ಮಧ್ಯಮ ಗಾತ್ರದ ಯಂತ್ರದ ತೂಕ ಸುಮಾರು 21 ಟನ್. ಬಾಡಿಗೆ ಉಳಿಸಲು ಅದನ್ನು ಹತ್ತು ಚಕ್ರದ ಲಾರಿಯ ಮೇಲೇರಿಸುವುದುಂಟು. ಲಾರಿಯ ಸ್ವಂತ ತೂಕ 10 ಟನ್ ಎಂದಿಟ್ಟುಕೊಂಡರೆ ಒಟ್ಟು 31 ಟನ್. ಅಂತಹ ಲಾರಿಗೆ ಕಾನೂನಿನ ಮಿತಿ ಮೊದಲು 25 ಟನ್ ಇತ್ತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು 28.5 ಟನ್ನಿಗೆ ಏರಿಸಿತು. ಏರಿಸಿದ ಮಿತಿಗೂ ಈ ಹೊರೆ ಒಗ್ಗದು.

ಬದಲಿಗೆ ಎರಡು ಅಚ್ಚಿನ ಎಳೆಯುವ ವಾಹನಕ್ಕೆ ಮೂರು ಅಚ್ಚಿನ ತಗ್ಗು ಟ್ರೈಲರ್ ಜೋಡಿಸಿದರೆ ಒಟ್ಟು ತೂಕ 40 ಟನ್ನಿಗೆ ಏರುತ್ತದೆ. ಹೆಚ್ಚು ತೂಕದ ವಾಹನವೇ ರಸ್ತೆಗೆ ಹೆಚ್ಚು ಹಾನಿಕರವೆಂದು ತೋರುವುದು ಸಹಜ. ಆದರೆ ರಸ್ತೆಗೆ ತಿಳಿಯುವುದು ಒಟ್ಟು ತೂಕವಲ್ಲ, ಒಂದೊಂದು ಅಚ್ಚಿನ ಭಾರ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪ್ರಯೋಗದಿಂದ ಹೊರಟ ಸೂತ್ರದಂತೆ, ಅಚ್ಚಿನ ಭಾರ ಇಮ್ಮಡಿಯಾದರೆ ರಸ್ತೆಯ ಸವೆತ ಸುಮಾರು 16 ಪಟ್ಟಾಗುತ್ತದೆ. ಆ ಲಾರಿಯ ಹಿಂದಿನ ಪ್ರತಿ ಅಚ್ಚಿನ ಮೇಲೆ 11.5 ಟನ್, ಟ್ರೈಲರಿನ ಪ್ರತಿ ಅಚ್ಚಿನ ಮೇಲೆ 8 ಟನ್ ಬಿದ್ದರೆ, ಲಾರಿಯ ಒಂದು ಅಚ್ಚು ಟ್ರೈಲರಿನ ಒಂದು ಅಚ್ಚಿಗಿಂತ ನಾಲ್ಕು ಪಟ್ಟು ಹೆಚ್ಚು ಸವೆಸುತ್ತದೆ. ಚಿಕ್ಕ ಮೋರಿಗೂ ಅಚ್ಚಿನ ಭಾರವೇ ಮುಖ್ಯ. ಇಡೀ ವಾಹನ ಒಮ್ಮೆಲೇ ನಿಲ್ಲಬಲ್ಲ ಉದ್ದನೆಯ ಸೇತುವೆಯಲ್ಲಿ ಮಾತ್ರ ಲೆಕ್ಕ ತಿರುಗಿ, ಒಟ್ಟು ತೂಕ ಮುಂದೆ ಬರುತ್ತದೆ.

ಹಾಗೆಂದು ಟ್ರೈಲರ್ ಎಲ್ಲಿಗೂ ಸಲ್ಲುವ ವಾಹನವಲ್ಲ. ಆಗುಂಬೆಯ ತಿರುವುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. 18 ಮೀಟರ್ ತ್ರಿಜ್ಯದ ತಿರುವಿನಲ್ಲಿ 9 ಮೀಟರ್ ಉದ್ದದ ಟ್ರೈಲರಿನ ಹಿಂಚಕ್ರಗಳು ಸುಮಾರು 2.4 ಮೀಟರ್‌ನಷ್ಟು ಒಳಕ್ಕೆ ಸರಿಯಬಲ್ಲವು. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ಚಕ್ರ ಚರಂಡಿಗಿಳಿಯಲು ಇನ್ನೇನು ಬೇಕು? ಟ್ರೈಲರಿನ ತಗ್ಗಾದ ಹಾಸು ಉರುಳುವ ಅಪಾಯವನ್ನು ಕಡಿಮೆ ಮಾಡುತ್ತದೆ, ಆದರೆ ದಿಬ್ಬದ ನೆತ್ತಿಯಲ್ಲಿ ನೆಲಕ್ಕೆ ತಗುಲುತ್ತದೆ.

ಇನ್ನು ಅಶ್ವಶಕ್ತಿ. ವಾಹನ ಕೊಳ್ಳುವವರು ಮೊದಲು ಕೇಳುವುದು ಇದನ್ನೇ, ಘಟ್ಟದ ಮಟ್ಟಿಗೆ ಕೊನೆಗೆ ಕೇಳಬೇಕಾದುದೂ ಇದನ್ನೇ. 40 ಟನ್ ಹೊತ್ತ 180 ಅಶ್ವಶಕ್ತಿಯ ವಾಹನ ನೂರಕ್ಕೆ ಆರರ ಏರನ್ನು ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ಹತ್ತುತ್ತದೆ. 300 ಅಶ್ವಶಕ್ತಿಯದು 25ರ ಸಮೀಪ. ಗಳಿಸುವುದು ಸ್ವಲ್ಪ ಸಮಯವಷ್ಟೇ. ಇಳಿಯುವಾಗಿನ ಲೆಕ್ಕ ಬೇರೆ. 40 ಟನ್ ಭಾರ 600 ಮೀಟರ್ ಕೆಳಗಿಳಿಯುವಾಗ ಹೊರಬೀಳುವ ಶಕ್ತಿ ಸುಮಾರು 750 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಸಾಕು. ಅಡಿಕೆ ಬೇಯಿಸುವ ಹಂಡೆಗಳನ್ನು ಕಂಡವರಿಗೆ ಆ ಶಾಖದ ಅಂದಾಜಾದೀತು. ಅದನ್ನೆಲ್ಲ ಚಕ್ರದ ಬ್ರೇಕುಗಳೇ ನುಂಗಬೇಕಾಗಿ ಬಂದರೆ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಶಿರಾಡಿಯಂತಹ ಘಟ್ಟವಿಳಿಯುವ ವಾಹನದಲ್ಲಿ ಎಂಜಿನ್ ಬ್ರೇಕ್ ಅಥವಾ ರಿಟಾರ್ಡರ್ ಇದೆಯೇ, ಟ್ರೈಲರಿನ ಪ್ರತಿ ಅಚ್ಚಿಗೂ ಸರಿಯಾದ ಬ್ರೇಕ್ ಇದೆಯೇ ಎಂಬುದು ಚಾಲಕನ ಜೀವದ ಪ್ರಶ್ನೆ. ಬಾಡಿಗೆ ಕುದುರಿಸುವ ಮಾತಿನಲ್ಲಿ ಇದರ ಪ್ರಸ್ತಾಪವೇ ಬಾರದಿರುವುದು ವಿಷಾದಕರ.

ದಾರಿಗೆ ತಕ್ಕ ವಾಹನ ಸಿಗದಿದ್ದಲ್ಲಿ ಯಂತ್ರವನ್ನೇ ಬದಲಿಸಬಹುದು. ಬಾವಿಯ ಸುತ್ತ ಮಣ್ಣು ತೆಗೆಯಲು, ಚರಂಡಿ ತೋಡಲು ಸ್ವಂತ ಚಕ್ರಗಳ ಮೇಲೆ ನಡೆದು ಬರುವ 8 ಟನ್ನಿನ ಯಂತ್ರ ಸಾಕಾಗುತ್ತದೆ. ದೊಡ್ಡದೇ ಅನಿವಾರ್ಯವೆಂದಾದರೆ ಅದು ಹೊರಡುವ ಮುನ್ನ ಊರಿನ ಇಬ್ಬರು ಅಳತೆಪಟ್ಟಿ ಹಿಡಿದು ದಾರಿ ನಡೆಯಲಿ: ತಿರುವಿನ ಅಗಲ, ಮೋರಿಯ ಬಿರುಕು, ತಗ್ಗಿದ ವಿದ್ಯುತ್ ತಂತಿ, ಎದುರು ವಾಹನ ಬಂದರೆ ನಿಲ್ಲಲು ಇರುವ ಜಾಗ. ಈ ನಡಿಗೆ ಮೇ ತಿಂಗಳಲ್ಲಿ ಮುಗಿದಿರಬೇಕು. ಜೂನ್ ಮಳೆಗೆ ರಸ್ತೆಯಡಿಯ ಮಣ್ಣು ನೆನೆದ ಬಳಿಕ ಬೇಸಿಗೆಯ ಲೆಕ್ಕಗಳು ನಿಲ್ಲುವುದಿಲ್ಲ.