ಭಂಗಿಯ ನಾರು



ಭಂಗಿಯೆಂಬ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರಿಗೆ ಚಿಲುಮೆ ಹಿಡಿದ ಬೈರಾಗಿಯ ನೆನಪಾಗುತ್ತದೆಯೇ ಹೊರತು ಹಗ್ಗ, ಬಟ್ಟೆ, ಎಣ್ಣೆಗಳ ನೆನಪಾಗುವುದಿಲ್ಲ. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಗಿಡದ ನಾರು ಬೀಜಗಳ ವಿಚಾರ. ಮೊದಲು ಹೆಸರಿನ ತೊಡಕೊಂದನ್ನು ಬಿಡಿಸಿಬಿಡುತ್ತೇನೆ. ಇಂಗ್ಲಿಷಿನವರು ‘ಹೆಂಪ್’ ಎಂಬ ಮಾತನ್ನು ಹಲವು ಗಿಡಗಳಿಗೆ ಹಚ್ಚಿದ್ದಾರೆ. ನಾವು ಹಸಿರುಗೊಬ್ಬರಕ್ಕಾಗಿ ಗದ್ದೆಯಲ್ಲಿ ಬಿತ್ತುವ ಹಳದಿ ಹೂವಿನ ಅಪ್ಸೆಣಬೂ, ಪುಂಡಿಯೂ ಆ ಹೆಸರಿನೊಳಗೆ ಸೇರಿಹೋಗಿವೆ. ಅವೆರಡಕ್ಕೂ ಅಮಲಿಗೂ ಯಾವ ಸಂಬಂಧವೂ ಇಲ್ಲ. ನಿಜವಾದ ಹೆಂಪ್ ಭಂಗಿಯ ಗಿಡವೇ. ಗಾಂಜಾ ಬರುವುದೂ ಅದೇ ಜಾತಿಯಿಂದ. ತೊಂದರೆಯೆಲ್ಲ ಹುಟ್ಟುವುದು ಇಲ್ಲಿ.

ಈ ಗಿಡದ ದಂಟಿನ ಸಿಪ್ಪೆಯಲ್ಲಿ ನೀಳವಾದ, ಬಲವಾದ ನಾರು ಉಂಟು. ಹಾಯಿಹಡಗುಗಳ ಕಾಲದಲ್ಲಿ ಯೂರೋಪಿನ ನೌಕಾಬಲವು ಈ ನಾರಿನ ಹಗ್ಗವನ್ನೇ ನೆಮ್ಮಿತ್ತು. ‘ಕ್ಯಾನ್ವಾಸ್’ ಎಂಬ ಮಾತು ಸಹ ಈ ಗಿಡದ ಲ್ಯಾಟಿನ್ ಹೆಸರಿನಿಂದಲೇ ಬಂದದ್ದು. ಅಮೆರಿಕದವರು 1937ರಲ್ಲಿ ತೆರಿಗೆಯ ಕಾನೂನಿನಿಂದ ಇದರ ಕತ್ತು ಹಿಸುಕಿದರು. ಐದೇ ವರ್ಷ! ಫಿಲಿಪೀನ್ಸ್ ದ್ವೀಪಗಳು ಜಪಾನಿನ ಕೈಸೇರಿ ಹಗ್ಗದ ನಾರು ನಿಂತುಹೋಗಲು, 1942ರಲ್ಲಿ ಅದೇ ಸರ್ಕಾರವು ಚಲಚ್ಚಿತ್ರವೊಂದನ್ನು ತೆಗೆಸಿ, ಇದನ್ನು ಬೆಳೆಯಿರೆಂದು ರೈತರನ್ನು ಬೇಡಿಕೊಂಡಿತು.

ಸಿಪ್ಪೆಯೊಳಗಿನ ಬೆಂಡನ್ನು ಸುಣ್ಣದೊಡನೆ ಕಲಸಿದರೆ ಹಗುರವಾದ ಗೋಡೆಯಾಗುತ್ತದೆ. ಭಾರವನ್ನು ಹೊರಲಾರದು, ಸೆಕೆಯನ್ನೂ ಚಳಿಯನ್ನೂ ಚೆನ್ನಾಗಿ ತಡೆಯುತ್ತದೆ. ಇದೇನು ಹೊಸ ಬುದ್ಧಿಯೆಂದುಕೊಳ್ಳಬೇಡಿ. ಎಲ್ಲೋರದ ಗುಹೆಯ ಮಣ್ಣುಗಾರೆಯಲ್ಲಿ ಭಂಗಿ ಬೆರೆತಿರುವುದನ್ನು 2016ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅಲ್ಲಿನ ಗಾರೆಗೆ ಹುಳು ಹಿಡಿಯದಿದ್ದುದಕ್ಕೆ ಇದೇ ಕಾರಣವೆಂದು ಅವರ ಊಹೆ. ರಾಷ್ಟ್ರಕೂಟರ ಕೈಲಾಸವನ್ನು ನೋಡಲು ಹೋಗುವ ಕನ್ನಡಿಗರು ಗಾರೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಬಹುದು. ಇನ್ನು ಬೀಜ. ಕುಮಾವೂ, ಗಡವಾಲಗಳ ಮನೆಗಳಲ್ಲಿ ಅದನ್ನು ಹುರಿದು ಚಟ್ನಿ ಅರೆಯುತ್ತಾರೆ, ತಿಂದವರಿಗೆ ಅಮಲೇರುವುದಿಲ್ಲ. ಬೀಜವನ್ನೂ ಅದರ ಎಣ್ಣೆ, ಹಿಟ್ಟುಗಳನ್ನೂ ಆಹಾರವೆಂದು ಭಾರತ ಸರ್ಕಾರದ ಆಹಾರ ಪ್ರಾಧಿಕಾರವು 2021ರಲ್ಲಿ ಒಪ್ಪಿಕೊಂಡಿತು.

ಹಾಗಾದರೆ ಬೆಳೆಯುವುದಕ್ಕೆ ಅಡ್ಡಿಯೇನು? ಕಾನೂನೇ ಅಡ್ಡಿಯೆಂದು ಹೇಳುವುದು ವಾಡಿಕೆ. ಅದು ಅರ್ಧ ಮಾತ್ರ ನಿಜ. ನಮ್ಮ 1985ರ ಮಾದಕವಸ್ತುಗಳ ಕಾನೂನಿನಲ್ಲಿಯೇ, ನಾರಿಗೂ ಬೀಜಕ್ಕೂ ಬೆಳೆಯಲು ಸರ್ಕಾರವು ಅಪ್ಪಣೆ ಕೊಡಬಹುದೆಂಬ 14ನೆಯ ಕಲಮು ಇದೆ. ಉತ್ತರಾಖಂಡವು 2018ರಲ್ಲಿ ಅಂಥ ಅಪ್ಪಣೆಯನ್ನು ಕೊಟ್ಟಿತು. ಆದರೆ ಅಮಲಿನ ಸತ್ವವು ನೂರಕ್ಕೆ 0.3 ಭಾಗವನ್ನು ಮೀರಕೂಡದೆಂಬುದು ನಿಬಂಧನೆ.

ಈ 0.3 ಎಲ್ಲಿಂದ ಬಂತು? ಅರ್ನೆಸ್ಟ್ ಸ್ಮಾಲ್ ಎಂಬ ಕೆನಡದ ಸಸ್ಯಶಾಸ್ತ್ರಜ್ಞರೂ ಅವರ ಸಹೋದ್ಯೋಗಿಯೂ 1976ರಲ್ಲಿ ಗಿಡಗಳನ್ನು ವರ್ಗೀಕರಿಸಲು ಎಳೆದ ಗೆರೆ ಅದು. ತಮ್ಮ ಅನುಕೂಲಕ್ಕೆ ಆರಿಸಿಕೊಂಡ ಅಂಕಿಯೆಂದು ಅವರೇ ಬರೆದಿದ್ದರು. ಶಾಸ್ತ್ರಕಾರರ ಗೆರೆ ಈಗ ಪೊಲೀಸರ ಗೆರೆಯಾಗಿದೆ. ಹಿಮಾಲಯದ ನಾಡತಳಿಗಳು ಬಹುಮಟ್ಟಿಗೆ ಅದನ್ನು ದಾಟುತ್ತವೆ. ಯೂರೋಪಿನ ಬೀಜವನ್ನು ತರಿಸೋಣವೆಂದರೆ, ಅದು ದೀರ್ಘವಾದ ಹಗಲಿಗೆ ಒಗ್ಗಿದ ಗಿಡ. ಮೈಸೂರಿನಂಥ ದಕ್ಷಿಣದ ಸೀಮೆಯಲ್ಲಿ ಹಗಲು ಚಿಕ್ಕದಾದ್ದರಿಂದ ಎತ್ತರಕ್ಕೆ ಬೆಳೆಯುವ ಮೊದಲೇ ಹೂಬಿಟ್ಟು, ನಾರು ಕೊಡದೆ ನಿಲ್ಲುತ್ತದೆ. ಒಳ್ಳೆಯ ಬೀಜವೇ ಸಿಕ್ಕಿತೆನ್ನಿ; ಪರಾಗವು ಗಾಳಿಯಲ್ಲಿ ಬಹುದೂರ ತೇಲುವುದರಿಂದ ಪಕ್ಕದ ಕಾಡುಭಂಗಿಯೊಡನೆ ಬೆರೆತು ಮುಂದಿನ ವರ್ಷದ ಬೀಜ ಕೆಡುತ್ತದೆ. ಬಿತ್ತುವಾಗ ನ್ಯಾಯವಾಗಿದ್ದ ಬೆಳೆ ಕೊಯ್ಲಿನ ಹೊತ್ತಿಗೆ ಅಪರಾಧವಾಗಬಹುದು. ಸಾಲ ಮಾಡಿ ಬಿತ್ತುವ ಒಕ್ಕಲಿಗನು ಇದಕ್ಕೆ ಎದೆ ಕೊಟ್ಟಾನೆ?

ದಂಟನ್ನು ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸುವ ಶ್ರಮ ಬೇರೆ. ಯಂತ್ರವಿಲ್ಲದೆ ಬೆಳೆಯಿಲ್ಲ, ಬೆಳೆಯಿಲ್ಲದೆ ಯಂತ್ರವನ್ನು ಹೂಡುವವರಿಲ್ಲ.

ನನಗೆ ತೋರುವುದಿಷ್ಟು: ನಾಡತಳಿಗಳಿಂದಲೇ ಅಮಲು ಕಡಮೆಯಿರುವುವನ್ನು ಆರಿಸಿ ಬೀಜ ಮಾಡುವ ಕೆಲಸ ಸರ್ಕಾರಿ ತೋಟಗಳಲ್ಲಿ ನಡೆಯಬೇಕು. ಅಲ್ಲಿಯವರೆಗೆ, ಪರೀಕ್ಷೆಯಲ್ಲಿ ಗೆರೆ ಮೀರಿದ ಹೊಲದ ಹೂತುದಿಗಳನ್ನು ಸುಟ್ಟು, ದಂಟನ್ನಾದರೂ ರೈತನಿಗೆ ಬಿಡುವಂತಾಗಬೇಕು. ಅಮಲು ಇರುವುದು ಹೂವಿನಲ್ಲಿ, ನಾರಿನಲ್ಲಲ್ಲ.