ಬೇಡವೆಂದರೂ ಬಿಡದ ಬಾಡಿಗೆ

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ನಾಲ್ಕಾರು ತಿಂಗಳು ಇದ್ದು ಬರುವ ತಂದೆತಾಯಂದಿರು ಈಗ ನಮ್ಮ ಊರುಗಳಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಅವರು ನೋಡಿಬಂದ ಜಾಗಗಳ ಪಟ್ಟಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಇದ್ದರೆ ಅದರ ಹಿಂದೆಯೋ ಮುಂದೆಯೋ ಲಾಸ್ ವೇಗಸ್ ಇರುವುದು ಸಾಮಾನ್ಯ. ವಿಮಾನ ಇಳಿಯುವುದು ಅಲ್ಲಿ, ಬಾಡಿಗೆ ಕಾರು ಹಿಡಿಯುವುದು ಅಲ್ಲಿ, ಹೋಟೆಲು ರೂಮು ಅಗ್ಗ ಎಂದು ಹೆಸರಾದದ್ದೂ ಅಲ್ಲೇ. ಆ ಅಗ್ಗದ ರೂಮಿನ ಬಿಲ್ಲನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

ರೂಮಿನ ಬಾಡಿಗೆ ರಾತ್ರಿಗೆ 59 ಡಾಲರ್ ಎಂದು ಇಟ್ಟುಕೊಳ್ಳಿ. ಬಿಲ್ಲಿನ ಮೊದಲ ಸಾಲಿನಲ್ಲಿ ಅದೇ ಇರುತ್ತದೆ. ಎರಡನೆಯ ಸಾಲು ರೂಮಿನ ತೆರಿಗೆ, 7 ಡಾಲರ್ 89 ಸೆಂಟ್. ಮೂರನೆಯ ಸಾಲಿನಲ್ಲಿ ‘ರೆಸಾರ್ಟ್ ಫೀ’, 45 ಡಾಲರ್. ನಾಲ್ಕನೆಯದು ಆ ಶುಲ್ಕದ ಮೇಲಿನ ತೆರಿಗೆ, 6 ಡಾಲರ್ 2 ಸೆಂಟ್. ಒಟ್ಟು 117 ಡಾಲರ್ 91 ಸೆಂಟ್. ಅಂದರೆ 59 ಡಾಲರಿನ ರೂಮಿಗೆ ಹೆಚ್ಚುಕಡಿಮೆ ಎರಡರಷ್ಟು ದುಡ್ಡು. ಇದು ನಾನು ಲೆಕ್ಕಕ್ಕೆಂದು ಹಿಡಿದ ಬಾಡಿಗೆ, ಆದರೆ ಶುಲ್ಕ ಉತ್ಪ್ರೇಕ್ಷೆಯಲ್ಲ. ದೊಡ್ಡ ಹೋಟೆಲುಗಳಲ್ಲಿ ಅದು 50 ಡಾಲರ್ ದಾಟಿರುವುದೂ ಉಂಟು.

ಈ 45 ಡಾಲರಿಗೆ ಏನು ಕೊಡುತ್ತಾರೆ ಎಂದು ಕೇಳಿದರೆ ಕೌಂಟರಿನಲ್ಲಿ ಒಂದು ಪಟ್ಟಿಯೇ ಸಿಗುತ್ತದೆ. ವೈಫೈ, ಜಿಮ್ಮು, ಈಜುಕೊಳ, ರೂಮಿನ ಫೋನಿನಿಂದ ಲೋಕಲ್ ಕರೆ, ವಿಮಾನದ ಬೋರ್ಡಿಂಗ್ ಪಾಸ್ ಪ್ರಿಂಟು ಹಾಕಿಕೊಡುವ ಸೌಲಭ್ಯ. ಎಲ್ಲರ ಕಿಸೆಯಲ್ಲೂ ಮೊಬೈಲು ಇರುವ ಕಾಲದಲ್ಲಿ ಲೋಕಲ್ ಕರೆಯನ್ನು ಸೌಲಭ್ಯ ಎಂದು ಬರೆದವರ ಧೈರ್ಯವನ್ನು ಮೆಚ್ಚಬೇಕು. ‘ನಾನು ಈಜುವುದಿಲ್ಲ, ಜಿಮ್ಮಿಗೆ ಹೋಗುವುದಿಲ್ಲ, ಈ ಶುಲ್ಕ ಬೇಡ’ ಎಂದರೆ ನಡೆಯುವುದಿಲ್ಲ. ರೂಮು ಬೇಕಾದರೆ ಇದನ್ನೂ ಕಟ್ಟಬೇಕು.

ಈ ಪದ್ಧತಿ ಬೆಳೆದದ್ದು 1990ರ ದಶಕದಲ್ಲಿ. ಮೊದಮೊದಲು ಕಡಲತೀರ, ಗಾಲ್ಫ್ ಮೈದಾನಗಳಿದ್ದ ನಿಜವಾದ ರೆಸಾರ್ಟುಗಳಲ್ಲಿ ಇತ್ತು. ಆಮೇಲೆ ಲಾಸ್ ವೇಗಸ್, ಆರ್ಲ್ಯಾಂಡೋ, ಹವಾಯಿಗಳಲ್ಲಿ ಹಬ್ಬಿತು. ಕೊನೆಗೆ ನ್ಯೂಯಾರ್ಕಿನ ನಡುಬೀದಿಯ ಹೋಟೆಲುಗಳಿಗೂ ಬಂತು. ಅಲ್ಲಿ ಕಡಲೂ ಇಲ್ಲ, ಗಾಲ್ಫೂ ಇಲ್ಲ. ಹಾಗಾಗಿ ‘ಡೆಸ್ಟಿನೇಷನ್ ಫೀ’, ‘ಫೆಸಿಲಿಟಿ ಫೀ’ ಎಂಬ ಹೊಸ ಹೆಸರುಗಳು ಹುಟ್ಟಿದವು.

59ಕ್ಕೆ 45 ಸೇರಿಸಿ ಬಾಡಿಗೆಯನ್ನೇ 104 ಡಾಲರ್ ಎಂದು ಹೇಳಿಬಿಡಬಹುದಿತ್ತಲ್ಲ, ಎರಡು ತುಂಡು ಮಾಡಿದ್ದೇಕೆ? ಇಂಟರ್ನೆಟ್ಟಿನಲ್ಲಿ ಹೋಟೆಲು ಹುಡುಕುವವರು ಅಗ್ಗದ್ದು ಮೇಲೆ ಬರುವಂತೆ ಪಟ್ಟಿ ಹಾಕಿಸಿಕೊಳ್ಳುತ್ತಾರೆ. 2025ರವರೆಗೂ ಅಲ್ಲಿ 59 ಎಂದವನು ಮೇಲೆ, 104 ಎಂದವನು ಕೆಳಗೆ ಇರುತ್ತಿದ್ದ. ಇನ್ನೊಂದು ಲಾಭ ಕಮಿಷನ್ನಿನದಾಗಿತ್ತು. ಬುಕಿಂಗ್ ಮಾಡಿಸಿಕೊಡುವ ವೆಬ್‌ಸೈಟುಗಳಿಗೆ ಹೋಟೆಲುಗಳು ಕಮಿಷನ್ ಕೊಡುತ್ತಿದ್ದದ್ದು ಬಾಡಿಗೆಯ ಮೇಲೆ, ಶುಲ್ಕದ ಮೇಲಲ್ಲ. 2019ರಲ್ಲಿ ಬುಕಿಂಗ್ ಡಾಟ್ ಕಾಮ್ ಸಂಸ್ಥೆ ಇದಕ್ಕೆ ತಕರಾರು ತೆಗೆದು, ಇಂಥ ಶುಲ್ಕದ ಮೇಲೂ ಕಮಿಷನ್ ಬೇಕೆಂದು ಪಟ್ಟು ಹಿಡಿಯಿತು. ಚಾಪೆ ಕೆಳಗೆ ತೂರಿದವರ ಎದುರಿಗೆ ರಂಗೋಲಿ ಕೆಳಗೆ ತೂರುವವರೂ ಇರುತ್ತಾರಲ್ಲ!

ಪ್ರಾಮಾಣಿಕವಾಗಿ ಒಂದೇ ಬೆಲೆ ಹೇಳುವ ಹೋಟೆಲಿಗೆ ಆಗ ಏನಾಗುತ್ತಿತ್ತು ಎಂಬುದಕ್ಕೆ ಸೀಸರ್ಸ್ ಎಂಬ ಹೋಟೆಲು ಕಂಪನಿಯ ಕತೆ ಕೇಳಿ. 2010ರ ಆಸುಪಾಸಿನಲ್ಲಿ ಆ ಕಂಪನಿ ‘ನಮ್ಮಲ್ಲಿ ರೆಸಾರ್ಟ್ ಶುಲ್ಕ ಇಲ್ಲ’ ಎಂದೇ ಲಾಸ್ ವೇಗಸ್‌ನಲ್ಲಿ ಜಾಹೀರಾತು ಕೊಟ್ಟು ಪೈಪೋಟಿಗಿಳಿಯಿತು. 2013ರ ಮಾರ್ಚ್ ಹೊತ್ತಿಗೆ ತಾನೂ ಶುಲ್ಕ ವಸೂಲಿಗೆ ನಿಂತಿತು. ಪಕ್ಕದವನ ಪೂರ್ತಿ ಬೆಲೆ ಗಿರಾಕಿಗೆ ಕಾಣದಿರುವಾಗ ತಾನೊಬ್ಬನೇ ಪೂರ್ತಿ ಹೇಳಿ ದುಬಾರಿ ಎನ್ನಿಸಿಕೊಳ್ಳಲು ಯಾವ ವ್ಯಾಪಾರಿ ತಾನೇ ತಯಾರಿರುತ್ತಾನೆ? ಇದು ಒಬ್ಬ ಮಾಲೀಕನ ಒಳ್ಳೆಯತನದಿಂದ ಸರಿಹೋಗುವ ವಿಷಯವಲ್ಲ ಎಂದು ನನಗೆ ಅನ್ನಿಸುವುದು ಇದಕ್ಕೇ.

ಈಗ ತೆರಿಗೆಗೆ ಬರೋಣ. ಅಮೆರಿಕದಲ್ಲಿ ಹೋಟೆಲು ರೂಮಿಗೆ ಇಡೀ ದೇಶಕ್ಕೆ ಒಂದೇ ತೆರಿಗೆ ಎಂಬುದಿಲ್ಲ. ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ನಗರ ತಮ್ಮ ತಮ್ಮ ಪಾಲು ಹಾಕುತ್ತವೆ. ಊರಿನವರಿಗೆ ಈ ತೆರಿಗೆ ಬಲು ಪ್ರೀತಿ. ಕಟ್ಟುವವರು ಪರವೂರಿನವರು, ಚುನಾವಣೆಯಲ್ಲಿ ಓಟು ಹಾಕಲು ಬರುವವರಲ್ಲ. ಲಾಸ್ ವೇಗಸ್‌ನ ಮುಖ್ಯ ಬೀದಿಯ ದರವನ್ನೇ ನೋಡಿ. ಮೊದಲು ಶೇಕಡಾ 12 ಇತ್ತು. 2016ರಲ್ಲಿ ನೆವಾಡಾ ಶಾಸನಸಭೆ ಸಮಾವೇಶ ಕೇಂದ್ರದ ವಿಸ್ತರಣೆಗೆಂದು ಅರ್ಧ ಶೇಕಡಾ, ಫುಟ್‌ಬಾಲ್ ಸ್ಟೇಡಿಯಮ್ಮಿಗೆಂದು 0.88 ಶೇಕಡಾ ಸೇರಿಸಿತು. ಒಟ್ಟು 13.38. ಈಗ ಅಲೀಜಿಯಂಟ್ ಸ್ಟೇಡಿಯಂ ಎಂದು ಕರೆಯುವ ಆ ಕಟ್ಟಡಕ್ಕೆ ಸರ್ಕಾರದ ಕಡೆಯಿಂದ ಹೋದ 75 ಕೋಟಿ ಡಾಲರನ್ನು ತೀರಿಸುವುದು ಈ 0.88 ಶೇಕಡಾದ ಹಣವೇ. ಕ್ಯಾನ್ಯನ್ ನೋಡಲು ಹೋದ ದಾವಣಗೆರೆಯ ದಂಪತಿಯೂ ಆ ಸ್ಟೇಡಿಯಮ್ಮಿಗೆ ಒಂದೆರಡು ಇಟ್ಟಿಗೆ ಇಟ್ಟು ಬಂದಿರುತ್ತಾರೆ.

ಈ ತೆರಿಗೆ ಬೀಳುವುದು ರೂಮಿನ ಬಾಡಿಗೆಯ ಮೇಲೆ. ರೆಸಾರ್ಟ್ ಶುಲ್ಕ ಬಾಡಿಗೆಯೋ ಅಲ್ಲವೋ? ಜಾಹೀರಾತಿನಲ್ಲಿ ಅದು ಬಾಡಿಗೆಯಾಗಿರಲಿಲ್ಲ, ಕಮಿಷನ್ ಲೆಕ್ಕದಲ್ಲೂ ಬಾಡಿಗೆಯಾಗಿರಲಿಲ್ಲ. ತೆರಿಗೆಯವರು ಮಾತ್ರ ಕೇಳುವುದು ಒಂದೇ ಪ್ರಶ್ನೆ: ಇದನ್ನು ಕೊಡದೆ ಅತಿಥಿಗೆ ರೂಮು ಸಿಗುತ್ತದೆಯೇ? ಸಿಗದಿದ್ದರೆ ಅದು ಬಾಡಿಗೆಯೇ, ಹೆಸರು ಏನಾದರೂ ಇಟ್ಟುಕೊಳ್ಳಿ. ಫ್ಲಾರಿಡಾದ ತೆರಿಗೆ ನಿಯಮ ಹೇಳುವುದು ಇದನ್ನೇ. ಹೋಟೆಲಿನಲ್ಲಿ ಮಸಾಜ್ ಮಾಡಿಸಿಕೊಳ್ಳುವುದು ನಿಮ್ಮ ಇಷ್ಟ, ಬೇಡವೆಂದರೆ ಬಿಡಬಹುದು. ಹಾಗಾಗಿ ಅದಕ್ಕೆ ರೂಮಿನ ತೆರಿಗೆ ತಗಲುವುದಿಲ್ಲ. ಬಿಡಲು ಬಾರದ ಶುಲ್ಕಕ್ಕೆ ತಗಲುತ್ತದೆ. ಹವಾಯಿಯಲ್ಲಿ ಇದರಲ್ಲಿ ಯಾವ ಅನುಮಾನವೂ ಉಳಿಯಬಾರದೆಂದು 2019ರಲ್ಲಿ ಕಾನೂನೇ ಮಾಡಿದರು. ಆ ವರ್ಷದ ಜುಲೈ 1ರಿಂದ ಕಡ್ಡಾಯ ರೆಸಾರ್ಟ್ ಶುಲ್ಕಕ್ಕೂ ಅಲ್ಲಿನ ತಂಗುವ ತೆರಿಗೆ ಅನ್ವಯವಾಯಿತು.

ಹೋಟೆಲಿನ ಜಾಣತನ ಅತಿಥಿಯ ಮೇಲೆ ತಿರುಗುವುದೂ ಇಲ್ಲೇ. ಅಮೆರಿಕದಲ್ಲಿ ಇಂಟರ್ನೆಟ್ ಸಂಪರ್ಕಕ್ಕೆ ರಾಜ್ಯಗಳು, ನಗರಗಳು ತೆರಿಗೆ ಹಾಕಬಾರದು ಎಂಬ ಫೆಡರಲ್ ಕಾನೂನು 1998ರಿಂದ ಇದೆ, 2016ರಲ್ಲಿ ಕಾಯಂ ಆಗಿದೆ. ವೈಫೈಯನ್ನು ಬೇರೆ ಇಟ್ಟು ಮಾರಿದ್ದರೆ ಅದಕ್ಕೆ ಆ ರಕ್ಷಣೆ ಇರುತ್ತಿತ್ತು. ಜಿಮ್ಮು, ಈಜುಕೊಳಗಳ ಜೊತೆ ಒಂದೇ ಗಂಟಿನಲ್ಲಿ ಕಟ್ಟಿ ಕಡ್ಡಾಯ ಮಾಡಿದ ಮೇಲೆ ಲಾಸ್ ವೇಗಸ್‌ನಲ್ಲಿ ಇಡೀ ಗಂಟಿಗೇ 13.38 ಶೇಕಡಾ. ಅತಿಥಿಗಳ ಪರ ವಕೀಲರು ಇದನ್ನು ಕೋರ್ಟಿನಲ್ಲೂ ಎತ್ತಿದ್ದಾರೆ. ಇನ್ನೊಂದು ವಿಚಿತ್ರ ಕೇಳಿ. ಪದೇ ಪದೇ ತಂಗುವವರಿಗೆ ದೊಡ್ಡ ಹೋಟೆಲು ಸರಪಳಿಗಳು ಪಾಯಿಂಟು ಕೊಡುತ್ತವೆ, ಪಾಯಿಂಟು ಕೂಡಿದರೆ ಒಂದು ರಾತ್ರಿ ಪುಕ್ಕಟೆ. ಹಿಲ್ಟನ್, ಹಯಾತ್ ಸರಪಳಿಗಳು ಅಂಥ ರಾತ್ರಿಗೆ ರೆಸಾರ್ಟ್ ಶುಲ್ಕವನ್ನೂ ಬಿಟ್ಟುಬಿಡುತ್ತವೆ. ಮ್ಯಾರಿಯಟ್ ಬಿಡುವುದಿಲ್ಲ. ಬಾಡಿಗೆ ಸೊನ್ನೆ, ಶುಲ್ಕ ಮಾತ್ರ ಪೂರ್ತಿ, ಅದಕ್ಕೆ ತೆರಿಗೆ ಬೇರೆ. ಪುಕ್ಕಟೆ ರಾತ್ರಿಗೆ 50 ಡಾಲರ್ ಎಣಿಸಿ ಕೊಡುವಾಗ ‘ಪುಕ್ಕಟೆ’ ಎಂದು ಮನಸ್ಸಿಗೆ ಬರುವುದು ಕಷ್ಟ.

ತೆರಿಗೆಯವರಿಗೆ ತಕ್ಷಣ ಕಂಡ ಸಂಗತಿ ಗ್ರಾಹಕರ ರಕ್ಷಣೆ ನೋಡಿಕೊಳ್ಳುವವರ ಕೈಗೆ ಬರಲು ಹತ್ತು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. 2012ರ ನವೆಂಬರಿನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 22 ಹೋಟೆಲು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. 2017ರಲ್ಲಿ ಅದರ ಅರ್ಥಶಾಸ್ತ್ರಜ್ಞರು, ಬೆಲೆಯನ್ನು ಹೀಗೆ ತುಂಡು ಮಾಡಿ ಕೊನೆಗೆ ತೋರಿಸುವುದರಿಂದ ಗ್ರಾಹಕರಿಗೆ ಹಾನಿಯೇ ಎಂದು ವರದಿ ಕೊಟ್ಟರು. 2019ರಲ್ಲಿ ವಾಷಿಂಗ್ಟನ್ ಡಿ.ಸಿ.ಯ ಅಟಾರ್ನಿ ಜನರಲ್ ಮ್ಯಾರಿಯಟ್ ಮೇಲೆ, ನೆಬ್ರಾಸ್ಕಾ ರಾಜ್ಯದವರು ಹಿಲ್ಟನ್ ಮೇಲೆ ದಾವೆ ಹೂಡಿದರು. 2023ರ ಫೆಬ್ರುವರಿಯಲ್ಲಿ ಅಧ್ಯಕ್ಷ ಬೈಡನ್ ಸಂಸತ್ತಿನ ಮುಂದೆ ಮಾಡಿದ ವಾರ್ಷಿಕ ಭಾಷಣದಲ್ಲೇ ಈ ಶುಲ್ಕದ ಪ್ರಸ್ತಾಪ ಬಂತು. 2024ರ ಡಿಸೆಂಬರಿನಲ್ಲಿ ಟ್ರೇಡ್ ಕಮಿಷನ್ ನಿಯಮ ಪ್ರಕಟಿಸಿತು, ಅದು 2025ರ ಮೇ 12ರಂದು ಜಾರಿಗೆ ಬಂತು. ಹೋಟೆಲು ರೂಮಿಗೂ ಸಂಗೀತ ಕಛೇರಿ, ಆಟದ ಟಿಕೆಟ್ಟಿಗೂ ಅನ್ವಯವಾಗುವ ಈ ನಿಯಮದ ಪ್ರಕಾರ ಕಡ್ಡಾಯ ಶುಲ್ಕ ಸೇರಿದ ಬೆಲೆಯನ್ನೇ ಮೊದಲಿಗೆ, ಎದ್ದು ಕಾಣುವಂತೆ ತೋರಿಸಬೇಕು.

ಗಮನಿಸಿ, ಶುಲ್ಕವನ್ನು ನಿಷೇಧಿಸಿಲ್ಲ. ಮುಚ್ಚಿಡಬೇಡಿ ಎಂದಿದ್ದಾರೆ ಅಷ್ಟೆ. ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ಜಗಳ ನಡೆದದ್ದು ರೆಸ್ಟೋರೆಂಟುಗಳ ಸರ್ವಿಸ್ ಚಾರ್ಜ್ ಮೇಲೆ. ಊಟದ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸಿ, ಆ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಿದ ಬಿಲ್ಲುಗಳನ್ನು ಬೆಂಗಳೂರಿನವರು ಬೇಕಾದಷ್ಟು ನೋಡಿದ್ದಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿ, ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸಬಾರದು, ಸೇರಿಸಿ ಜಿಎಸ್‌ಟಿ ಹಾಕಲೂಬಾರದು ಎಂದಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಲ್ಲಿ ಕಡ್ಡಾಯವನ್ನೇ ತೆಗೆಯಲು ಹೊರಟರು, ಅಲ್ಲಿ ಕಡ್ಡಾಯವನ್ನು ಒಪ್ಪಿಕೊಂಡು ಬೆಳಕಿಗೆ ತಂದರು. ನನಗೆ ನಮ್ಮ ದಾರಿ ಹೆಚ್ಚು ನೇರ ಅನ್ನಿಸುತ್ತದೆ. ಆದರೆ ಇಲ್ಲಿ ಬಿಲ್ಲು ನೋಡಿ ಪ್ರಶ್ನೆ ಕೇಳುವ ಕೆಲಸ ಗಿರಾಕಿಯ ತಲೆಗೇ ಬೀಳುತ್ತದೆ. ಹೆಂಡತಿ ಮಕ್ಕಳ ಜೊತೆ ಊಟ ಮುಗಿಸಿ ಎದ್ದವನಿಗೆ ಮಾಣಿಯ ಹತ್ತಿರ ವಾದ ಮಾಡುವುದು ಮುಜುಗರ.

ಅಮೆರಿಕದ ನಿಯಮ ಒಂದನ್ನು ಹಾಗೇ ಬಿಟ್ಟಿದೆ, ಅದು ಸರ್ಕಾರದ ತೆರಿಗೆ. ಮೊದಲಿಗೆ ತೋರಿಸುವ ಬೆಲೆಯಲ್ಲಿ ಅದನ್ನು ಸೇರಿಸಲೇಬೇಕೆಂದಿಲ್ಲ, ಹಣ ಕಟ್ಟುವ ಮುಂಚೆ ತಿಳಿಸಿದರೆ ಸಾಕು. ಹಾಗಾಗಿ ಮಕ್ಕಳು ಮೊಬೈಲಿನಲ್ಲಿ ರೂಮು ಹುಡುಕಿ 104 ಡಾಲರ್ ಎಂದು ತೋರಿಸಿದಾಗ ನೀವು ಮನಸ್ಸಿನಲ್ಲೇ ಒಂದಿಷ್ಟು ಕೂಡಿಕೊಳ್ಳಿ. ಲಾಸ್ ವೇಗಸ್‌ನ ಮುಖ್ಯ ಬೀದಿಯಾದರೆ 13.38 ಶೇಕಡಾ, ಆರ್ಲ್ಯಾಂಡೋ ಆದರೆ ಹನ್ನೆರಡೂವರೆ. ನ್ಯೂಯಾರ್ಕ್ ನಗರದಲ್ಲಿ 14.75, ಅದರ ಮೇಲೆ ರಾತ್ರಿಗೆ ಮೂರೂವರೆ ಡಾಲರ್. ಹೊನೊಲುಲುವಿನಲ್ಲಿ, 2026ರ ಜನವರಿಯಿಂದ ರಾಜ್ಯದ ದರ 11ಕ್ಕೆ ಏರಿದ ಮೇಲೆ, ಎಲ್ಲ ಸೇರಿ ಹದಿನೆಂಟಕ್ಕೂ ಮೇಲೆ.